ಮಾನಸಿಕ ಆರೋಗ್ಯ ಹಕ್ಕುಗಳ ಸಂಘಟನೆಗೆ ಸೇರುವುದು ಹೇಗೆ? ಚಿಕಿತ್ಸೆಯಲ್ಲಿರುವವರಿಗೆ ಸಮಗ್ರ ಮಾರ್ಗದರ್ಶಿ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಒಂದು ಒಳ್ಳೆ ಕೆಲಸ ಮಾಡಿದೆ. ಜಡ್ಜು, ಡಾಕ್ಟರು, ಅಧಿಕಾರಿಗಳು ಕೂರುವ ಮೇಜಿನ ಸುತ್ತ ಚಿಕಿತ್ಸೆ ಪಡೆದವರಿಗೂ ಕುರ್ಚಿ ಹಾಕಿದೆ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ, ಮಾನಸಿಕ ಕಾಯಿಲೆ ಇರುವ ಅಥವಾ ಹಿಂದೆ ಇದ್ದವರ ಪರವಾಗಿ ಇಬ್ಬರು ಇರಬೇಕು. ಮನೆಯಲ್ಲಿ ನೋಡಿಕೊಳ್ಳುವವರ ಪರವಾಗಿ ಇನ್ನಿಬ್ಬರು. ದೆಹಲಿಯ ಕೇಂದ್ರ ಪ್ರಾಧಿಕಾರದಲ್ಲೂ ಇದೇ ಲೆಕ್ಕ. ಕಾಯಿದೆ ಜಾರಿಗೆ ಬಂದದ್ದು 2018ರ ಮೇ 29ರಂದು.

ಆದರೆ ಕುರ್ಚಿ ಹಾಕಿದ ಮಾತ್ರಕ್ಕೆ ಜನ ಬಂದು ಕೂರುವುದಿಲ್ಲ. "ಯಾರೂ ಮುಂದೆ ಬರಲ್ಲ ಸಾರ್" ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಒಬ್ಬರೇ ಮುಂದೆ ಬರುವುದು ನಿಜಕ್ಕೂ ಕಷ್ಟ. ಹೆಸರು ಹೊರಗೆ ಬಂದರೆ ಮದುವೆ, ಕೆಲಸ, ಬಾಡಿಗೆ ಮನೆ ಎಲ್ಲದರ ಮೇಲೂ ನೆರಳು ಬೀಳುತ್ತದೆ ಎಂಬ ಭಯ ಇದ್ದೇ ಇರುತ್ತದೆ. ಹತ್ತು ಜನ ಸೇರಿ ಹೋದರೆ ಆ ಭಯ ಹಂಚಿಹೋಗುತ್ತದೆ. ಸಂಘಟನೆ ಬೇಕಾಗಿರುವುದು ಇದಕ್ಕೇ.

ಈ ಮಾರ್ಗದರ್ಶಿ ಕರ್ನಾಟಕದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಮನೆಯವರೂ ಓದಬಹುದು. ಆದರೆ ಇಲ್ಲಿ "ನೀವು" ಅಂದರೆ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಹಿಂದೆ ತೆಗೆದುಕೊಂಡವರು, ಒಮ್ಮೆಯಾದರೂ ವಾರ್ಡಿನಲ್ಲಿ ಮಲಗಿ ಬಂದವರು.

ಹೆಜ್ಜೆ 1: ನಿಮಗೆ ಬೇಕಾದ್ದು ಯಾವ ಗುಂಪು?

ಮಾನಸಿಕ ಆರೋಗ್ಯದ ಹೆಸರಿನಲ್ಲಿ ನಡೆಯುವ ಗುಂಪುಗಳೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಕೆಲವು ಕಡೆ ಜನ ಸೇರಿ ಕಷ್ಟಸುಖ ಮಾತಾಡುತ್ತಾರೆ, ಮನಸ್ಸು ಹಗುರ ಮಾಡಿಕೊಂಡು ಮನೆಗೆ ಹೋಗುತ್ತಾರೆ. ಇದು ಬೆಂಬಲ ಗುಂಪು. ಇನ್ನು ಕೆಲವು ಮನೆಯವರ ಸಂಘಗಳು. ಬೆಂಗಳೂರಿನ ಅಮೆಂಡ್ ಇಂಥದ್ದು. ಮಕ್ಕಳನ್ನು, ಅಣ್ಣತಮ್ಮಂದಿರನ್ನು ನೋಡಿಕೊಳ್ಳುವವರೇ ಸೇರಿ ಕಟ್ಟಿದ ಸಂಸ್ಥೆ. ಮೂರನೆಯವು ಸೇವೆ ಕೊಡುವ ಸಂಸ್ಥೆಗಳು. ಡೇ ಕೇರ್ ನಡೆಸುತ್ತವೆ, ಕೌನ್ಸೆಲಿಂಗ್ ಕೊಡುತ್ತವೆ, ಕೆಲಸ ಕಲಿಸುತ್ತವೆ. ಬೇಸಿಕ್ ನೀಡ್ಸ್ ಇಂಡಿಯಾ ಸ್ಥಳೀಯ ಸಂಸ್ಥೆಗಳ ಜೊತೆ ಸೇರಿ ಹಳ್ಳಿಗಳಲ್ಲಿ ಚಿಕಿತ್ಸೆ ಪಡೆಯುವವರ ಮತ್ತು ಮನೆಯವರ ಸ್ವಸಹಾಯ ಗುಂಪುಗಳನ್ನು ಕಟ್ಟಲು ನೆರವಾಯಿತು.

ನಾಲ್ಕನೆಯದು ಹಕ್ಕುಗಳ ಸಂಘಟನೆ. ಇಲ್ಲಿ ಚಿಕಿತ್ಸೆ ಪಡೆಯುವವರೇ ಮುಂದೆ ನಿಂತು ಆಸ್ಪತ್ರೆ, ಇಲಾಖೆ, ಕೋರ್ಟಿನ ಮುಂದೆ ಕೇಳಬೇಕಾದ್ದನ್ನು ಕೇಳುತ್ತಾರೆ. ನಮ್ಮಲ್ಲಿ ಇಂಥವು ಕಡಿಮೆ. ಹಾಗಾಗಿ ಬಹಳ ಸಲ ಮೊದಲ ಮೂರರಲ್ಲಿ ಒಂದಕ್ಕೆ ಸೇರಿ, ಅದರೊಳಗೆ ಹಕ್ಕಿನ ಕೆಲಸ ಶುರುಮಾಡಬೇಕಾಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಎಲ್ಲಿ ಸೇರುತ್ತಿದ್ದೀರಿ ಎಂಬುದು ಗೊತ್ತಿದ್ದರೆ ಆಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈಗ ತಾನೇ ಡಿಸ್ಚಾರ್ಜ್ ಆಗಿ ಬಂದಿದ್ದರೆ, ನಿದ್ದೆ ಊಟ ಇನ್ನೂ ಹದಕ್ಕೆ ಬಂದಿಲ್ಲದಿದ್ದರೆ, ಮೊದಲು ಬೆಂಬಲ ಗುಂಪಿಗೆ ಹೋಗಿ. ಕಚೇರಿ ಸುತ್ತುವ ಕೆಲಸ ಎಲ್ಲಿಗೂ ಓಡಿಹೋಗಲ್ಲ.

ಹೆಜ್ಜೆ 2: ಎಲ್ಲಿ ಹುಡುಕುವುದು?

ಹುಡುಕಾಟ ಶುರುಮಾಡಲು ಒಳ್ಳೆ ಜಾಗ ನೀವು ಮಾತ್ರೆ ತರುವ ಜಾಗವೇ. ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮ ಇದೆ. ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುತ್ತಾರೆ. ಆ ಸಾಲಿನಲ್ಲಿ ನಿಂತವರನ್ನು ಮಾತಾಡಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಇರುತ್ತಾರೆ. ಯಾವ ಊರಿನಲ್ಲಿ ಯಾವ ಗುಂಪು ಸೇರುತ್ತದೆ ಎಂಬುದು ಡಾಕ್ಟರಿಗಿಂತ ಇವರಿಗೆ ಜಾಸ್ತಿ ಗೊತ್ತಿರುತ್ತದೆ. ಈ ಜಿಲ್ಲಾ ಕಾರ್ಯಕ್ರಮಕ್ಕೆ ದೇಶಕ್ಕೇ ಮಾದರಿ ಆಗಿದ್ದು ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಪ್ರಯೋಗ ಮಾಡಿ ನೋಡಿತ್ತು.

ಜಿಲ್ಲೆಯಲ್ಲಿ ಮಾನಸಧಾರ ಡೇ ಕೇರ್ ಕೇಂದ್ರ ಇದ್ದರೆ ಅಲ್ಲೂ ವಿಚಾರಿಸಿ. ಬೆಂಗಳೂರಿನವರು ನಿಮ್ಹಾನ್ಸ್‌ನಲ್ಲಿ, ಉತ್ತರ ಕರ್ನಾಟಕದವರು ಧಾರವಾಡದ ಡಿಮ್ಹಾನ್ಸ್‌ನಲ್ಲಿ ಸಮಾಜ ಕಾರ್ಯ ವಿಭಾಗವನ್ನು ಕೇಳಬಹುದು.

ಎರಡನೇ ದಾರಿ ಅಂಗವಿಕಲರ ಸಂಘಗಳದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ, ತಾಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯೂ ಎಂದು ಕರೆಯುವ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇವರಲ್ಲಿ ಹೆಚ್ಚಿನವರು ತಾವೇ ಅಂಗವಿಕಲರು. ಸಂಘಟನೆ ಎಂದರೇನು ಎಂದು ಇವರಿಗೆ ಹೇಳಿಕೊಡಬೇಕಾಗಿಲ್ಲ.

ಹೆಜ್ಜೆ 3: ಸೇರುವ ಮುಂಚೆ ಇಷ್ಟು ಕೇಳಿ

ಸದಸ್ಯತ್ವದ ಫಾರಂಗೆ ಸಹಿ ಹಾಕುವ ಮುಂಚೆ ಒಂದೆರಡು ಸಭೆಗೆ ಸುಮ್ನೆ ಹೋಗಿ ಕೂತು ನೋಡಿ. ಮೊದಲು ಗಮನಿಸಬೇಕಾದ್ದು, ಮೈಕು ಯಾರ ಕೈಯಲ್ಲಿದೆ ಎಂಬುದು. ವೇದಿಕೆ ಮೇಲೆ ಡಾಕ್ಟರು, ದಾನಿಗಳು, ಅಧ್ಯಕ್ಷರು. ಕೆಳಗೆ ಸಾಲಾಗಿ "ಫಲಾನುಭವಿಗಳು". ಹೀಗಿದ್ದರೆ ಅದು ಹಕ್ಕುಗಳ ಸಂಘಟನೆ ಅಲ್ಲ. ಒಳ್ಳೆಯ ಸೇವಾ ಸಂಸ್ಥೆ ಇರಬಹುದು. ಆದರೆ ನಿಮ್ಮ ದನಿಗೆ ಅಲ್ಲಿ ಜಾಗ ಕಡಿಮೆ.

ಸಭೆಗಳಲ್ಲಿ ಮತ್ತೆ ಮತ್ತೆ ಕಾಣುವ ನೋಟ ಒಂದಿದೆ. ಪರಿಚಯ ಮಾಡಿಕೊಳ್ಳುವ ಸರದಿ ಮೂವತ್ತು ದಾಟಿದ ಒಬ್ಬ ಹುಡುಗನ ಹತ್ತಿರ ಬರುತ್ತದೆ. ಅವನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಅಮ್ಮ, "ಅವನಿಗೆ ಸರಿಯಾಗಿ ಹೇಳಕ್ಕೆ ಬರಲ್ಲ ಸರ್, ನಾನು ಹೇಳ್ತೀನಿ" ಅನ್ನುತ್ತಾರೆ. ಅಮ್ಮನ ಮೇಲೆ ಸಿಟ್ಟು ಮಾಡಬೇಕಾಗಿಲ್ಲ. ವರ್ಷಗಟ್ಟಲೆ ಆಸ್ಪತ್ರೆ ಕೌಂಟರಿನಲ್ಲಿ ಅವರೇ ಮಾತಾಡಿ ಅಭ್ಯಾಸವಾಗಿದೆ. ನೋಡಬೇಕಾದ್ದು ಸಭೆ ನಡೆಸುವವರನ್ನು. "ಇರಲಿ ಅಮ್ಮ, ಮೊದಲು ಅವರು ಹೇಳಲಿ, ಆಮೇಲೆ ನೀವು ಹೇಳಿ" ಎಂದು ಕಾಯುತ್ತಾರಾ? ಹುಡುಗ ಅರ್ಧ ನಿಮಿಷ ಸುಮ್ಮನಿದ್ದರೂ ಕಾಯುತ್ತಾರಾ? ಕಾಯುವ ಗುಂಪು ಸಿಕ್ಕರೆ ಕಣ್ಣುಮುಚ್ಚಿ ಸೇರಿ.

ಇನ್ನು ನೇರವಾಗಿ ಕೇಳಬೇಕಾದ ಪ್ರಶ್ನೆಗಳು. ಕಾರ್ಯಕಾರಿ ಸಮಿತಿಯಲ್ಲಿ ಚಿಕಿತ್ಸೆ ಪಡೆದವರು ಎಷ್ಟು ಜನ? ಹಣ ಎಲ್ಲಿಂದ ಬರುತ್ತದೆ? ಆಸ್ಪತ್ರೆ ಅಥವಾ ಔಷಧ ಕಂಪನಿಯ ಹಣ ಇದ್ದರೆ, ಅದರ ವಿರುದ್ಧ ದೂರು ಬಂದ ದಿನ ಏನು ಮಾಡುತ್ತೀರಿ? ಸಂಘ ನೋಂದಣಿ ಆಗಿದೆಯಾ? ಕೊನೆಯ ಪ್ರಶ್ನೆ ಬರೀ ಕಾಗದದ ವಿಷಯ ಅನ್ನಿಸಬಹುದು. ಹೆಜ್ಜೆ 8ರಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಮಾತ್ರೆ ಬಗ್ಗೆ ಗುಂಪಿನ ನಿಲುವೇನು ಎಂದೂ ಕೇಳಿ. ಜಗತ್ತಿನ ಈ ಚಳವಳಿಯಲ್ಲಿ ಔಷಧವೇ ಬೇಡ ಎನ್ನುವವರೂ ಇದ್ದಾರೆ, ಔಷಧ ಇಲ್ಲದೆ ನಾನಿಲ್ಲ ಎನ್ನುವವರೂ ಇದ್ದಾರೆ. ಎರಡು ವಾದಕ್ಕೂ ಹಿಂದೆ ಅನುಭವ ಇದೆ. ಆದರೆ ಯಾರದೋ ಭಾಷಣ ಕೇಳಿ ಬಂದು ರಾತ್ರಿಯ ಮಾತ್ರೆ ನಿಲ್ಲಿಸಬೇಡಿ. ಮಾತ್ರೆ ಕಡಿಮೆ ಮಾಡಬೇಕು ಅನ್ನಿಸಿದರೆ ಡಾಕ್ಟರ ಜೊತೆ ಕೂತು ಕೇಳುವುದು ನಿಮ್ಮ ಹಕ್ಕು. ದಿಢೀರ್ ಅಂತ ಬಿಟ್ಟರೆ ಪೆಟ್ಟು ಬೀಳುವುದು ನಿಮ್ಮ ಮೈಗೇ.

ಹೆಜ್ಜೆ 4: ಮೊದಲ ಸಭೆಗಳು, ಮತ್ತು ಎಷ್ಟು ಹೇಳಬೇಕು

ಕಾಯಿಲೆಯ ಹೆಸರು ಹೇಳಲೇಬೇಕು ಎಂದೇನೂ ಇಲ್ಲ. "ನಾನೂ ಚಿಕಿತ್ಸೆ ತೆಗೆದುಕೊಂಡಿದ್ದೇನೆ" ಅಂದರೆ ಸಾಕು. ಏನು ಹೇಳಬಹುದು, ಏನು ಹೇಳಬಾರದು ಎಂದು ಮನೆಯಲ್ಲೇ ಯೋಚಿಸಿಕೊಂಡು ಹೋಗಿ. ಒಮ್ಮೆ ಹೊರಗೆ ಬಿದ್ದ ಮಾತನ್ನು ಹಿಂದೆ ತೆಗೆದುಕೊಳ್ಳುವುದು ಕಷ್ಟ. ಸಣ್ಣ ಊರಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಸಭೆಗೆ ಬಂದವರಲ್ಲಿ ಒಬ್ಬರು ನಿಮ್ಮ ಅತ್ತೆಮನೆ ಕಡೆಯವರಿಗೆ ಗೊತ್ತಿದ್ದವರೇ ಆಗಿರುತ್ತಾರೆ.

ಫೋಟೋ ವಿಷಯದಲ್ಲಿ ಗಟ್ಟಿಯಾಗಿರಿ. ಕಾರ್ಯಕ್ರಮ ಮುಗಿಯುವ ಮುಂಚೆಯೇ ಗ್ರೂಪ್ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿರುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆಯಲ್ಲಿರುವವರ ಫೋಟೋವನ್ನಾಗಲಿ, ವಿವರವನ್ನಾಗಲಿ ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡಬಾರದು ಎಂದು 2017ರ ಕಾಯಿದೆಯ 24ನೇ ಸೆಕ್ಷನ್ ಹೇಳುತ್ತದೆ. ಆಸ್ಪತ್ರೆಯಿಂದ ಕೇಳುವ ಈ ಮರ್ಯಾದೆಯನ್ನು ಸಂಘ ತನ್ನೊಳಗೂ ಪಾಲಿಸಬೇಕು, ಅಲ್ವಾ? ಫೋಟೋ ಬೇಡ ಎನ್ನುವವರಿಗೆ ಬೇರೆ ಕಡೆ ಕೂರಲು ಜಾಗ ಕೊಡುವ ಗುಂಪುಗಳೂ ಇವೆ. ಇಲ್ಲದಿದ್ದರೆ ನೀವೇ ಸಲಹೆ ಕೊಡಿ.

ಸಭೆಯ ಹೊತ್ತೂ ಮುಖ್ಯ. ರಾತ್ರಿ ಮಾತ್ರೆ ನುಂಗುವವರಿಗೆ ಬೆಳಿಗ್ಗೆ ಒಂಬತ್ತು ಗಂಟೆ ಅಂದರೆ ಇನ್ನೂ ತಲೆ ಭಾರ. ಹನ್ನೊಂದಕ್ಕೆ ಇಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬಸ್ ಚಾರ್ಜ್ ಕೊಡುತ್ತಾರಾ ಎಂದೂ ಕೇಳಬಹುದು. ಸಂಬಳ ಇಲ್ಲದವರು, ಖರ್ಚಿಗೆ ಮನೆಯವರ ಕೈ ನೋಡುವವರು ಸಭೆಗೆ ಬಾರದೆ ಉಳಿಯುವುದು ಬಹಳ ಸಲ ಇದೇ ಕಾರಣಕ್ಕೆ.

ಹೆಜ್ಜೆ 5: ನಿಮ್ಮದೇ ಎರಡು ಕಾಗದ ಮಾಡಿಟ್ಟುಕೊಳ್ಳಿ

ಬೇರೆಯವರ ಹಕ್ಕಿಗೆ ಹೋರಾಡುವ ಮುಂಚೆ ನಿಮ್ಮ ಕಾಗದ ಸರಿ ಇರಲಿ. ಮೊದಲನೆಯದು ಮುಂಗಡ ನಿರ್ದೇಶನ. ಮುಂದೊಂದು ದಿನ ನಿರ್ಧಾರ ಮಾಡುವ ಸ್ಥಿತಿಯಲ್ಲಿ ನೀವು ಇಲ್ಲದಿದ್ದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಈಗಲೇ ಬರೆದಿಡುವ ಪತ್ರ. 18 ತುಂಬಿದ ಯಾರೂ ಬರೆಯಬಹುದು. ಈವರೆಗೆ ಒಂದು ದಿನವೂ ಮನೋವೈದ್ಯರ ಹತ್ತಿರ ಹೋಗದವರೂ ಬರೆಯಬಹುದು. "ಈ ಇಂಜೆಕ್ಷನ್ ಕೊಟ್ಟರೆ ನನಗೆ ಕೈಕಾಲು ಬಿಗಿಯುತ್ತದೆ, ಬೇರೆ ಕೊಡಿ" ಎಂಬಂಥ ನಿರ್ದಿಷ್ಟ ಮಾತು ಇದ್ದಷ್ಟೂ ಒಳ್ಳೆಯದು. ತುರ್ತು ಚಿಕಿತ್ಸೆಗೆ ಈ ಪತ್ರ ಅನ್ವಯಿಸುವುದಿಲ್ಲ ಎಂಬುದು ನೆನಪಿರಲಿ. ಡಾಕ್ಟರಿಗಾಗಲಿ ಮನೆಯವರಿಗಾಗಲಿ ಇದನ್ನು ಪಾಲಿಸಲು ಇಷ್ಟವಿಲ್ಲದಿದ್ದರೆ ಸುಮ್ಮನೆ ಪಕ್ಕಕ್ಕಿಡುವಂತಿಲ್ಲ. ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ, ಅಂದರೆ ರಿವ್ಯೂ ಬೋರ್ಡಿಗೆ, ಅರ್ಜಿ ಹಾಕಬೇಕು. ಮನಸ್ಸು ಬದಲಾದರೆ ನೀವೇ ತಿದ್ದಬಹುದು, ರದ್ದು ಮಾಡಬಹುದು. ಹೇಗೆ ಬರೆಯಬೇಕು, ಎಲ್ಲಿ ನೋಂದಾಯಿಸಬೇಕು ಎಂಬುದನ್ನು ಕಾನೂನು ಸೇವಾ ಪ್ರಾಧಿಕಾರದ ವಕೀಲರಲ್ಲಿ ಕೇಳಿ.

ಎರಡನೆಯದು ನಾಮನಿರ್ದೇಶಿತ ಪ್ರತಿನಿಧಿಯ ಹೆಸರು. ನೀವು ವಾರ್ಡಿನಲ್ಲಿರುವಾಗ ನಿಮ್ಮ ಪರ ನಿಲ್ಲುವವರು ಯಾರು ಎಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಆಯಿತು. ರಕ್ತಸಂಬಂಧಿಯೇ ಆಗಬೇಕೆಂದಿಲ್ಲ. ಗೆಳತಿ ಆಗಬಹುದು, ಸಂಘದ ಜೊತೆಗಾರರು ಆಗಬಹುದು. ಮನೆಯವರ ಜೊತೆ ಆಸ್ತಿ ತಕರಾರು ಇರುವವರಿಗೆ, ಗಂಡನ ಮನೆಯಲ್ಲಿ ಕಿರುಕುಳ ಇರುವ ಹೆಣ್ಣುಮಕ್ಕಳಿಗೆ ಈ ಒಂದು ಹಾಳೆ ಎಷ್ಟು ದೊಡ್ಡ ಆಸರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನೀವು ಯಾರನ್ನೂ ಹೆಸರಿಸದಿದ್ದರೆ ಆ ಜಾಗ ಸಾಮಾನ್ಯವಾಗಿ ಸಂಬಂಧಿಕರಿಗೆ ಹೋಗುತ್ತದೆ.

ಹೆಜ್ಜೆ 6: ಕಾಯಿದೆಯಲ್ಲಿ ಮೊದಲು ಕಲಿಯಬೇಕಾದ್ದು

ಇಡೀ ಕಾಯಿದೆ ಬಾಯಿಪಾಠ ಮಾಡಬೇಕಾಗಿಲ್ಲ. 18ರಿಂದ 28ರವರೆಗಿನ ಸೆಕ್ಷನ್‌ಗಳು ಹಕ್ಕುಗಳ ಅಧ್ಯಾಯ. ವಾರಕ್ಕೊಂದು ಸೆಕ್ಷನ್ ಓದಿ, ಸಭೆಯಲ್ಲಿ ನಿಮ್ಮ ಊರಿನ ಮಾತಿನಲ್ಲೇ ಹೇಳಿ ನೋಡಿ. 20ನೇ ಸೆಕ್ಷನ್ ಓದಿದರೆ, ಇದನ್ನು ಬರೆದವರು ವಾರ್ಡುಗಳ ಒಳಗು ಕಂಡವರೇ ಇರಬೇಕು ಅನ್ನಿಸುತ್ತದೆ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಸ್ವಂತ ಬಟ್ಟೆ ಹಾಕಿಕೊಳ್ಳುತ್ತೇನೆ ಅಂದರೆ ಯೂನಿಫಾರಂ ಹೇರುವಂತಿಲ್ಲ. ಕೆಲಸ ಮಾಡಿಸಿದರೆ ಕೂಲಿ ಕೊಡಬೇಕು. ಮುಟ್ಟಿನ ದಿನಗಳಿಗೆ ಬೇಕಾದ್ದನ್ನು ಒದಗಿಸಬೇಕು. ಇಷ್ಟು ಸಣ್ಣಸಣ್ಣ ವಿಷಯ ಕಾನೂನಿನಲ್ಲಿ ಬರೆಯಬೇಕಾಗಿ ಬಂತು ಅಂದರೆ ಮೊದಲು ಏನೇನು ನಡೆಯುತ್ತಿತ್ತು ಎಂದು ನೀವೇ ಊಹಿಸಿ.

95ನೇ ಸೆಕ್ಷನ್ ಯಾವುದೇ ರೀತಿ ಸರಪಳಿಯಲ್ಲಿ ಕಟ್ಟಿಹಾಕುವುದನ್ನು ನಿಷೇಧಿಸುತ್ತದೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಡದೆ ಶಾಕ್ ಚಿಕಿತ್ಸೆ ಮಾಡುವುದನ್ನೂ ನಿಷೇಧಿಸುತ್ತದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರದ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಿದ್ದರು. ಓಡಲು ಆಗಲಿಲ್ಲ. 28 ಜನ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು. ನಿಮ್ಮ ಕಡೆ ಯಾವುದಾದರೂ ಗುಡಿ, ದರ್ಗಾ, ಆಶ್ರಮದಲ್ಲಿ ಈಗಲೂ ಹೀಗೆ ಕಟ್ಟಿಹಾಕುತ್ತಿದ್ದರೆ, ಏರ್ವಾಡಿ ಎಂಬ ಒಂದೇ ಹೆಸರು ಅಧಿಕಾರಿಗಳ ಕಿವಿ ನೆಟ್ಟಗೆ ಮಾಡುತ್ತದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಮನೆಯವರು ಕರೆದುಕೊಂಡು ಹೋಗುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವಂತಿಲ್ಲ. ಆರೋಗ್ಯ ವಿಮೆಯಲ್ಲಿ ಮೈಗೆ ಬರುವ ಕಾಯಿಲೆಗೂ ಮನಸ್ಸಿಗೆ ಬರುವ ಕಾಯಿಲೆಗೂ ಭೇದ ಮಾಡುವಂತಿಲ್ಲ. ಚಿಕಿತ್ಸೆಯಲ್ಲಿದ್ದಾರೆ ಎಂದ ಮಾತ್ರಕ್ಕೆ ವೋಟು ಹೋಗುವುದಿಲ್ಲ. ಸಮರ್ಥ ನ್ಯಾಯಾಲಯ "ಅಸ್ವಸ್ಥ ಚಿತ್ತರು" ಎಂದು ಘೋಷಿಸಿದ್ದರೆ ಮಾತ್ರ ಆ ಪ್ರಶ್ನೆ ಬರುತ್ತದೆ.

ಹೆಜ್ಜೆ 7: ಮೊದಲ ಕೆಲಸಕ್ಕೆ ಮಾತ್ರೆ ಚೀಟಿ ಸಾಕು

ಹೊಸ ಸದಸ್ಯರಿಗೆ ನಾನು ಸೂಚಿಸುವ ಮೊದಲ ಕೆಲಸ ಮೆರವಣಿಗೆ ಅಲ್ಲ, ಪತ್ರಿಕಾಗೋಷ್ಠಿಯೂ ಅಲ್ಲ. ಔಷಧದ ಅರ್ಜಿ. ಯಾಕಂದರೆ ಇದರಲ್ಲಿ ಯಾರ ಕಾಯಿಲೆಯನ್ನೂ ಬಯಲು ಮಾಡಬೇಕಾಗಿಲ್ಲ. ಕಾನೂನು ಸ್ಪಷ್ಟವಾಗಿದೆ. ಗೆದ್ದರೆ ಮುಂದಿನ ಮಂಗಳವಾರವೇ ಗೊತ್ತಾಗುತ್ತದೆ.

18ನೇ ಸೆಕ್ಷನ್ ಪ್ರಕಾರ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವಾಗಲೂ ಉಚಿತವಾಗಿ ಸಿಗಬೇಕು. ಆದರೆ ಫಾರ್ಮಸಿ ಕಿಟಕಿಯಲ್ಲಿ ನಡೆಯುವುದೇನು? ಚೀಟಿಯಲ್ಲಿ ನಾಲ್ಕು ಮಾತ್ರೆ ಇರುತ್ತವೆ. ಎರಡರ ಪಕ್ಕ ಟಿಕ್ ಬೀಳುತ್ತದೆ, ಇನ್ನೆರಡರ ಪಕ್ಕ "ಎನ್.ಎ." ಎಂದು ಪೆನ್ನಿನಲ್ಲಿ ಗೀಚುತ್ತಾರೆ. "ಹೊರಗಡೆ ತಗೊಳ್ಳಿ" ಎಂಬ ಮಾತು ಬರುತ್ತದೆ. ದುಡ್ಡಿದ್ದವರು ಕೊಳ್ಳುತ್ತಾರೆ. ಇಲ್ಲದವರು ಇದ್ದ ಎರಡನ್ನೇ ನುಂಗಿ ತಿಂಗಳು ದೂಡುತ್ತಾರೆ.

ಆ "ಎನ್.ಎ." ಗೀಚಿದ ಚೀಟಿಯೇ ನಿಮ್ಮ ಸಾಕ್ಷಿ. ಎಸೆಯಬೇಡಿ. ಸಂಘದವರೆಲ್ಲ ತಮ್ಮ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಲಿ. ಹೆಸರು, ಓಪಿಡಿ ನಂಬರ್ ಇರುವ ಭಾಗವನ್ನು ಬೆರಳಿನಿಂದ ಮುಚ್ಚಿ, ದಿನಾಂಕ ಮತ್ತು ಮಾತ್ರೆಯ ಹೆಸರು ಮಾತ್ರ ಕಾಣುವಂತೆ ತೆಗೆಯಿರಿ. ಎಂಟು ಹತ್ತು ಚೀಟಿ ಸೇರಿದ ಮೇಲೆ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಅರ್ಜಿ ಹೀಗಿದ್ದರೆ ಸಾಕು:

"ತಾಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳಿಗೆ. ವಿಷಯ: ಮಾನಸಿಕ ಕಾಯಿಲೆಯ ಔಷಧಗಳು ದೊರೆಯದಿರುವ ಬಗ್ಗೆ. ಮಾನ್ಯರೇ, ಕಳೆದ ಎರಡು ತಿಂಗಳಲ್ಲಿ ತಮ್ಮ ಆಸ್ಪತ್ರೆಯ ಔಷಧಾಲಯದಲ್ಲಿ ಲಿಥಿಯಂ ಮತ್ತು ರಿಸ್ಪೆರಿಡೋನ್ ಮಾತ್ರೆಗಳು ಲಗತ್ತಿಸಿರುವ ಪಟ್ಟಿಯಲ್ಲಿನ ದಿನಾಂಕಗಳಂದು ದೊರೆತಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2017ರ ಸೆಕ್ಷನ್ 18ರಂತೆ ಇವು ಉಚಿತವಾಗಿ ದೊರೆಯಬೇಕು. ದಾಸ್ತಾನು ಯಾವಾಗ ಬರುತ್ತದೆ, ಅಲ್ಲಿಯವರೆಗೆ ಏನು ವ್ಯವಸ್ಥೆ ಎಂದು ಲಿಖಿತವಾಗಿ ತಿಳಿಸಬೇಕಾಗಿ ಕೋರಿಕೆ."

ಕೆಳಗೆ ಸಂಘದ ಹೆಸರಿನಲ್ಲಿ ಸಹಿ. ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ಸೆಕ್ಷನ್‌ನಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಸೀಲು ಇಲ್ಲದ ಅರ್ಜಿ ಕೊಟ್ಟಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಾಧಿಕಾರಿಗೆ ಒಂದು ಪ್ರತಿ ಕಳಿಸಿ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. ಕರ್ನಾಟಕದಲ್ಲಿ ಆರ್‌ಟಿಐ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು ಮತ್ತು ಸಾಮಾನ್ಯವಾಗಿ 150 ಪದ ಮೀರಬಾರದು ಎಂಬ ನಿಯಮ ಇದೆ. ಹಾಗಾಗಿ ಕಷ್ಟವನ್ನೆಲ್ಲ ಅದರಲ್ಲಿ ತೋಡಿಕೊಳ್ಳಬೇಡಿ. "ಈ ಔಷಧದ ಕಳೆದ ಆರು ತಿಂಗಳ ದಾಸ್ತಾನು ಪುಸ್ತಕದ ಪ್ರತಿ ಕೊಡಿ" ಎಂದಷ್ಟೇ ಕೇಳಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ದಾಸ್ತಾನು ಪುಸ್ತಕ ಕೇಳಿದ ಮೇಲೆ ಸ್ಟಾಕ್ ಬಂದೇ ಬರುತ್ತದೆ ಎಂದು ಹೇಳಲಾರೆ. ಆದರೆ ಕಿಟಕಿಯ ಆಚೆ ಕೂತವರ ದನಿ ಬದಲಾಗುವುದಂತೂ ಹೌದು.

ಹೆಜ್ಜೆ 8: ರಿವ್ಯೂ ಬೋರ್ಡಿನ ದಾರಿ

ದಾಖಲಾತಿ, ಬಲವಂತ, ವಾರ್ಡಿನಲ್ಲಿ ಹೊಡೆತ, ಫೋನ್ ಮಾಡಲು ಬಿಡದಿರುವುದು. ಇಂಥ ದೂರಿಗೆ ರಿವ್ಯೂ ಬೋರ್ಡ್ ಇದೆ. ಒಂದು ಜಿಲ್ಲೆಗೆ ಅಥವಾ ಕೆಲವು ಜಿಲ್ಲೆ ಸೇರಿಸಿ ಒಂದು ಬೋರ್ಡ್ ಇರುತ್ತದೆ. ನಿಮ್ಮ ಜಿಲ್ಲೆ ಯಾವುದಕ್ಕೆ ಸೇರುತ್ತದೆ ಎಂದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ.

ಅರ್ಜಿ ಯಾರು ಹಾಕಬಹುದು? ಚಿಕಿತ್ಸೆಯಲ್ಲಿರುವವರು, ಅವರ ನಾಮನಿರ್ದೇಶಿತ ಪ್ರತಿನಿಧಿ, ಇಲ್ಲವೇ ಅವರ ಒಪ್ಪಿಗೆ ಪಡೆದ ನೋಂದಾಯಿತ ಸರ್ಕಾರೇತರ ಸಂಸ್ಥೆಯ ಪ್ರತಿನಿಧಿ. ಹಿಂದೆ ನೋಂದಣಿ ಬಗ್ಗೆ ಕೇಳಿ ಅಂದದ್ದು ಇದಕ್ಕೇ. ನೋಂದಣಿ ಆಗದ ಗೆಳೆಯರ ಬಳಗಕ್ಕೆ ಎಷ್ಟೇ ಕಾಳಜಿ ಇದ್ದರೂ ಸಂಸ್ಥೆಯ ಹೆಸರಿನಲ್ಲಿ ಇಲ್ಲಿ ನಿಲ್ಲಲು ಆಗುವುದಿಲ್ಲ.

ಶುಲ್ಕ ಇಲ್ಲ. ಯಾರು, ಯಾವ ಆಸ್ಪತ್ರೆ, ಯಾವ ಹಕ್ಕಿಗೆ ಧಕ್ಕೆ ಆಯಿತು, ಏನು ಪರಿಹಾರ ಬೇಕು ಎಂದು ಬರೆದರೆ ಸಾಕು. ಒಳಗೆ ದಾಖಲಾಗಿರುವವರು ವಿಶೇಷ ಸಂದರ್ಭದಲ್ಲಿ ಬಾಯಿಮಾತಿನಲ್ಲಿ ಅಥವಾ ಫೋನಿನಲ್ಲಿ ಕೊಟ್ಟ ದೂರನ್ನೂ ಬೋರ್ಡ್ ತೆಗೆದುಕೊಳ್ಳಬಹುದು. ನಿಮ್ಮ ಬದಲು ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಟ್ಟು ಮಾಡಿಸಿದ ದಾಖಲಾತಿ ಮೊದಲ ಹಂತದಲ್ಲಿ 30 ದಿನ ಮೀರುವಂತಿಲ್ಲ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 7 ದಿನದಲ್ಲಿ ತೀರ್ಮಾನಿಸಬೇಕು. 30 ದಿನದ ಮೇಲಿನ ದಾಖಲಾತಿಯನ್ನು ಪ್ರಶ್ನಿಸಿದರೆ 21 ದಿನ. ಉಳಿದ ದೂರುಗಳಿಗೆ 90 ದಿನ. ವಿಚಾರಣೆ ಸಾರ್ವಜನಿಕರ ಎದುರು ನಡೆಯುವುದಿಲ್ಲ, ಆ ಭಯ ಬೇಡ. ನಿಮ್ಮ ಪರ ಮಾತಾಡಲು ವಕೀಲರೇ ಬೇಕೆಂದಿಲ್ಲ, ನೀವು ಆರಿಸಿದವರು ಬರಬಹುದು. ತೀರ್ಮಾನ ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ.

ವಕೀಲರು ಬೇಕಾದರೆ ತಾಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಅಥವಾ 15100ಕ್ಕೆ ಫೋನ್ ಮಾಡಿ. ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ.

ಹೆಜ್ಜೆ 9: ನಿಮ್ಮ ಊರಿನಲ್ಲಿ ಗುಂಪೇ ಇಲ್ಲದಿದ್ದರೆ

ಮೂರು ಜನ ಸಾಕು ಶುರುಮಾಡಲು. ಮಂಗಳವಾರದ ಸಾಲಿನಲ್ಲಿ ಸಿಕ್ಕವರು, ಆಸ್ಪತ್ರೆ ಎದುರಿನ ಟೀ ಅಂಗಡಿಯಲ್ಲಿ ಕೂತು ಮಾತಾಡಿದವರು. ಮೊದಲ ಕೆಲವು ತಿಂಗಳು ಹೆಸರು, ಲೆಟರ್‌ಹೆಡ್, ಪದಾಧಿಕಾರಿಗಳ ಗಲಾಟೆ ಬೇಡ. ಒಂದು ಔಷಧದ ಅರ್ಜಿ ಕೊಟ್ಟು ಬನ್ನಿ. ಒಬ್ಬರಿಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿಕೊಡಿ. ಈ ಕಾರ್ಡ್‌ಗೆ ಅಂಗವೈಕಲ್ಯದ ಪ್ರಮಾಣ ಅಳೆಯಬೇಕು. ಮಾನಸಿಕ ಕಾಯಿಲೆಗೆ ಐಡಿಯಾಸ್ ಎಂಬ ಅಳತೆಗೋಲು ಬಳಸುತ್ತಾರೆ. ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಾಸಾಶನ, ಬಸ್ ಪಾಸಿನಂಥ ಸವಲತ್ತಿಗೆ ದಾರಿ ಆಗುತ್ತದೆ. ಕಾರ್ಡ್ ಮಾಡಿಸಿಕೊಳ್ಳುವುದು ಕಡ್ಡಾಯ ಅಲ್ಲ. ಹೆಸರು ದಾಖಲೆಗೆ ಸೇರುವುದು ಬೇಡ ಎನ್ನುವವರನ್ನು ಒತ್ತಾಯಿಸಬೇಡಿ.

ಪಂಚಾಯಿತಿಯ ಕಡೆಯೂ ಒಂದು ಕಣ್ಣಿರಲಿ. ಗ್ರಾಮ ಪಂಚಾಯಿತಿಗಳು ಸ್ವಂತ ಆದಾಯದಲ್ಲಿ ಶೇ. 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಈ ಹಣಕ್ಕೆ ಅರ್ಜಿ ಹಾಕುವಾಗ ನಮ್ಮವರು ನೆನಪಾಗುವುದು ಕಡಿಮೆ, ಯಾಕಂದರೆ ಕೇಳಲು ಹೋದವರೇ ಕಡಿಮೆ.

ಗುಂಪು ನೆಲೆ ಕಂಡ ಮೇಲೆ ನೋಂದಣಿ ಮಾಡಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ 1960ರ ಪ್ರಕಾರ ಕನಿಷ್ಠ 7 ಜನ ಬೇಕು. ಬೈಲಾ ಬರೆಯುವಾಗ ಒಂದು ಸಾಲು ಮರೆಯದೆ ಸೇರಿಸಿ: ಕಾರ್ಯಕಾರಿ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಚಿಕಿತ್ಸೆ ಪಡೆದವರೇ ಇರಬೇಕು. ಆಮೇಲೆ ಸೇರಿಸೋಣ ಅಂದರೆ ಆಗುವುದಿಲ್ಲ. ಓಡಾಡುವ ಶಕ್ತಿ ಇರುವ ಮನೆಯವರು, ಇಂಗ್ಲಿಷ್ ಬರುವ ಸ್ವಯಂಸೇವಕರು ಒಳ್ಳೆಯ ಮನಸ್ಸಿನಿಂದಲೇ ಎಲ್ಲ ಜಾಗ ತುಂಬಿಬಿಡುತ್ತಾರೆ.

ಹೆಜ್ಜೆ 10: ದಣಿವು, ಜಗಳ, ಕೆಟ್ಟ ದಿನಗಳು

ಇವು ಬಂದೇ ಬರುತ್ತವೆ. ಕಾರ್ಯದರ್ಶಿಗೇ ಮತ್ತೆ ಹುಷಾರು ತಪ್ಪಬಹುದು. ಆಗ ಗುಂಪು ನಿಲ್ಲಬಾರದು ಎಂದರೆ ಪ್ರತಿ ಕೆಲಸಕ್ಕೂ ಇಬ್ಬರನ್ನು ಇಡಿ. ಫೈಲು, ಪಾಸ್‌ವರ್ಡು, ಬ್ಯಾಂಕ್ ಸಹಿ ಒಬ್ಬರ ಹತ್ತಿರವೇ ಇರಬಾರದು. ಹುಷಾರಾಗಿ ವಾಪಸ್ ಬಂದವರಿಗೆ ಅವರ ಜಾಗ ಹಾಗೇ ಇರಬೇಕು. ಆಫೀಸುಗಳು ನಮ್ಮವರಿಗೆ ಮಾಡುವ ಅನ್ಯಾಯವನ್ನೇ ಸಂಘವೂ ಮಾಡಿದರೆ ಏನು ಬಂತು?

ಸದಸ್ಯರೊಬ್ಬರು ರಾತ್ರಿ ಎರಡು ಗಂಟೆಗೆ "ಬದುಕೋದು ಬೇಡ ಅನ್ನಿಸ್ತಿದೆ" ಎಂದು ಮೆಸೇಜ್ ಹಾಕಿದರೆ ಏನು ಮಾಡುವುದು ಎಂದು ಮುಂಚೆಯೇ ಮಾತಾಡಿಕೊಂಡಿರಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಆ ನಂಬರ್ ಗ್ರೂಪಿನಲ್ಲಿ ಮೇಲೆ ಪಿನ್ ಮಾಡಿ. ಜೊತೆಗೆ, ಹತ್ತಿರದಲ್ಲಿ ಇರುವವರು ಮನೆಗೆ ಹೋಗಿ ಪಕ್ಕದಲ್ಲಿ ಕೂರುವ ವ್ಯವಸ್ಥೆಯೂ ಇರಲಿ.

ಹೆಜ್ಜೆ 11: ರಾಜ್ಯದ ಆಚೆಗೆ

ಈ ಕೆಲಸದಲ್ಲಿ ನಾವೇ ಮೊದಲಿಗರಲ್ಲ. ಮನೋವೈದ್ಯಕೀಯ ಸೇವೆ ಬಳಸಿದವರ ಜಾಗತಿಕ ಒಕ್ಕೂಟ ಮತ್ತು ಯುರೋಪಿನ ಒಕ್ಕೂಟ ಎರಡೂ ಶುರುವಾದದ್ದು 1991ರಲ್ಲಿ. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಬರೆಯುವಾಗ ಆ ಜಾಗತಿಕ ಒಕ್ಕೂಟದವರು ಮಾತುಕತೆಯಲ್ಲಿ ಕೂತಿದ್ದರು. ಭಾರತ 2007ರಲ್ಲಿ ಆ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ನಮ್ಮ 2016 ಮತ್ತು 2017ರ ಕಾಯಿದೆಗಳು ಹುಟ್ಟಿದ್ದು ಅದರಿಂದ. ನಮ್ಮ ಕಡೆಗೆ ಹತ್ತಿರದ್ದು ಏಷ್ಯಾ ಪೆಸಿಫಿಕ್ ಭಾಗದಲ್ಲಿ ಶುರುವಾದ ಇಂಥದ್ದೇ ಒಕ್ಕೂಟ ಟಿಸಿಐ. ಅದನ್ನು ಕಟ್ಟುವುದರಲ್ಲಿ ಪುಣೆಯ ಬಾಪು ಟ್ರಸ್ಟಿನ ಭಾರ್ಗವಿ ದಾವರ್ ಅವರ ಪಾತ್ರ ದೊಡ್ಡದು. ಗ್ಲೋಬಲ್ ಮೆಂಟಲ್ ಹೆಲ್ತ್ ಪಿಯರ್ ನೆಟ್‌ವರ್ಕ್ ಎಂಬುದೂ ಇದೆ. ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಚಿಕಿತ್ಸೆ ಪಡೆದವರ ಅಲ್ಲಿನ ಜಾಲ ಎನ್‌ಎಸ್‌ಯುಎನ್ ಸಿಗುತ್ತದೆ. ಇವುಗಳ ಕೆಲಸ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಸ್ಥಳೀಯವಾಗಿ ಸ್ವಲ್ಪ ಕೆಲಸ ಮಾಡಿದ ಮೇಲೆ ಸೇರಿದರೆ ಹೇಳಲು ನಿಮ್ಮ ಹತ್ತಿರ ವಿಷಯ ಇರುತ್ತದೆ.

ಹೆಜ್ಜೆ 12: ಆ ಕುರ್ಚಿಗಳಿಗೆ ಹೆಸರು ಕಳಿಸಿ

ರಿವ್ಯೂ ಬೋರ್ಡಿನಲ್ಲಿ ಆರು ಜನ. ಜಿಲ್ಲಾ ನ್ಯಾಯಾಧೀಶರ ಮಟ್ಟದವರು ಒಬ್ಬರು, ಜಿಲ್ಲಾಡಳಿತದ ಪ್ರತಿನಿಧಿ ಒಬ್ಬರು, ಮನೋವೈದ್ಯರೊಬ್ಬರು, ಇನ್ನೊಬ್ಬ ವೈದ್ಯರು. ಉಳಿದ ಎರಡು ಜಾಗ ನಮ್ಮ ಕಡೆಯವು. ಆದರೆ ಕಾಯಿದೆ ಇಲ್ಲಿ ಸ್ವಲ್ಪ ಸಡಿಲ. ಆ ಎರಡಕ್ಕೂ ಮನೆಯವರನ್ನೋ ಸಂಸ್ಥೆಯವರನ್ನೋ ಹಾಕಿದರೂ ಕಾನೂನು ಮುರಿದಂತಾಗುವುದಿಲ್ಲ. ನನ್ನ ಪ್ರಕಾರ ಇದು ಕಾಯಿದೆಯ ದೊಡ್ಡ ಕೊರತೆ. ಎರಡರಲ್ಲಿ ಒಂದಾದರೂ ಚಿಕಿತ್ಸೆ ಪಡೆದವರಿಗೇ ಸಿಗಲಿ ಎಂದು ಸಂಘಗಳು ಈಗಲೇ ಕೇಳಬೇಕು.

ಅದಕ್ಕೆ ತಯಾರಿ ಹೀಗೆ. ಸದಸ್ಯರಲ್ಲಿ ಹೆಸರು ಹೊರಗೆ ಬಂದರೂ ಪರವಾಗಿಲ್ಲ ಎನ್ನುವವರನ್ನು ಗುರುತಿಸಿ. ಒಬ್ಬೊಬ್ಬರ ಬಗ್ಗೆ ಒಂದು ಪುಟ ಬರೆದಿಡಿ: ಓದು, ಕೆಲಸ, ಸಂಘದಲ್ಲಿ ಕೊಟ್ಟ ಅರ್ಜಿಗಳು, ಹಾಜರಾದ ವಿಚಾರಣೆಗಳು. ಕಾಯಿಲೆಯ ಕಥೆ ಅದರಲ್ಲಿ ಬೇಡ. ಹಾಲಿ ಸದಸ್ಯರ ಅವಧಿ ಯಾವಾಗ ಮುಗಿಯುತ್ತದೆ, ಹೆಸರು ಕರೆಯುವ ಪ್ರಕಟಣೆ ಯಾವಾಗ ಎಂದು ರಾಜ್ಯ ಪ್ರಾಧಿಕಾರಕ್ಕೆ ಆರ್‌ಟಿಐ ಹಾಕಿ ತಿಳಿದುಕೊಳ್ಳಿ. ಅದಕ್ಕೂ 150 ಪದ ಧಾರಾಳ ಸಾಕು.